ಕಾಲುವೆಯ ನೀರಿಗೆ ರೈತನ ಒರೆಗಲ್ಲು



ನಮ್ಮ ಚಿಂಚೋಳಿ ತಾಲೂಕಿಗೆ ಚಂದ್ರಂಪಳ್ಳಿ ಜಲಾಶಯವೂ ನಾಗರಾಳದ ಬಳಿಯ ಕೆಳದಂಡೆ ಮುಲ್ಲಾಮಾರಿ ಯೋಜನೆಯೂ ಲಭಿಸಿವೆ. ಇಂತಹ ಯೋಜನೆಗಳ ಸಾಫಲ್ಯವನ್ನು ನಿರ್ಣಯಿಸುವಾಗ ಸಂಗ್ರಹವಾದ ನೀರೆಷ್ಟು, ಅಚ್ಚುಕಟ್ಟಿನ ವಿಸ್ತಾರವೆಷ್ಟು ಎಂಬ ಲೆಕ್ಕಗಳನ್ನೇ ಮುಂದಿಡುವುದು ವಾಡಿಕೆ. ಆ ಲೆಕ್ಕಗಳು ಅವಶ್ಯವೇ ಸರಿ. ಆದರೆ ಜಲಾಶಯದ ತೂಬಿನಲ್ಲಿ ಅಳೆದು ಬಿಟ್ಟ ನೀರು ದಾರಿಯಲ್ಲಿ ಇಂಗಿ, ಹೂಳಿಗೆ ತಡೆದು, ಮೇಲ್ಭಾಗದ ಹೊಲಗಳಲ್ಲಿ ಹಂಚಿಹೋಗಿ, ಕಟ್ಟಕಡೆಯ ಹೊಲಗಾಲುವೆಯನ್ನು ಮುಟ್ಟಿತೋ ಇಲ್ಲವೋ ಎಂಬುದನ್ನು ಅಲ್ಲಿ ಕಾದು ನಿಂತ ಒಕ್ಕಲಿಗನೇ ಬಲ್ಲನಾದುದರಿಂದ, ನೀರಾವರಿ ಸೇವೆಯ ಮೌಲ್ಯಮಾಪನದಲ್ಲಿ ಅವನ ಮಾತೇ ಪ್ರಥಮ ಪ್ರಮಾಣವಾಗತಕ್ಕದ್ದು.

ಅವನು ಬಯಸುವುದು ಹೇರಳ ನೀರನ್ನಲ್ಲ, ಹದವರಿತು ಬರುವ ನೀರನ್ನು. ಹಿಂಗಾರಿ ಜೋಳ ಹೊಡೆ ತುಂಬುವ ಕಾಲಕ್ಕೆ ನಮ್ಮ ಎರೆಭೂಮಿಯು ತೇವವಾರಿ ಬಿರಿಯತೊಡಗುತ್ತದೆ. ಆಗ ದೊರೆತ ಒಂದು ನೀರು ತೆನೆಯನ್ನು ಕಾಪಾಡೀತು, ಹೊತ್ತು ಮೀರಿ ಬಂದ ಎರಡು ನೀರು ಆ ನಷ್ಟವನ್ನು ತುಂಬಲಾರವು. ತೊಗರಿಯ ಬುಡದಲ್ಲಿ ನೀರು ನಿಂತರಂತೂ ಬೇರಿಗೆ ಗಾಳಿ ಸಾಲದೆ ಗಿಡವೇ ಸೊರಗುವುದು. ಆದುದರಿಂದ ಬೇಡವಾದಾಗ ನೀರನ್ನು ನಿಲ್ಲಿಸುವುದು, ಬಸಿಗಾಲುವೆಯನ್ನು ತೆರವಾಗಿಡುವುದು, ಬಿತ್ತನೆಗೆ ಮುನ್ನವೇ ಸರದಿಯ ದಿನಗಳನ್ನು ಸಾರಿ ಅದರಂತೆ ನಡೆಯುವುದು, ಇವೆಲ್ಲವೂ ಸೇವೆಯ ಅಂಗಗಳೇ. ಸರದಿ ಖಚಿತವಿದ್ದರೆ ರೈತನು ಬೆಳೆಯನ್ನೂ ಬೀಜವನ್ನೂ ಸಾಲವನ್ನೂ ವಿವೇಚಿಸಿ ನಿಶ್ಚಯಿಸಬಲ್ಲನು; ಇಲ್ಲವಾದರೆ ಕಾಲುವೆಯ ಪಕ್ಕದಲ್ಲಿದ್ದೂ ಅವನದು ಮಳೆಯಾಶ್ರಿತ ಬೇಸಾಯವೇ.

1965ರ ಕರ್ನಾಟಕ ನೀರಾವರಿ ಅಧಿನಿಯಮಕ್ಕೆ 2000ದಲ್ಲಿ ಆದ ತಿದ್ದುಪಡಿಯು ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಶಾಸನಬದ್ಧ ಸ್ಥಾನವನ್ನು ಕಲ್ಪಿಸಿದೆ. ಈ ಸಂಘಗಳು ತೂಬು ತೂಬಿಗೂ ಒಂದೊಂದು ವಹಿಯನ್ನಿಟ್ಟು, ಸಾರಿದ ದಿನ, ನೀರು ಬಂದ ದಿನ, ಕಡೆಯ ಹೊಲಕ್ಕೆ ಮುಟ್ಟಿದ ದಿನ, ದೂರು ಬಂದ ಮೇಲೆ ದುರಸ್ತಿಗೆ ಹಿಡಿದ ಕಾಲ ಇವನ್ನು ಬರೆದಿಡಲಿ ಎಂಬುದು ನನ್ನ ಸೂಚನೆ. ಸುಗ್ಗಿ ಮುಗಿದ ಬಳಿಕ ಅದನ್ನು ಅಭಿಯಂತರರ ಸಮಕ್ಷಮದಲ್ಲಿ ಬಹಿರಂಗವಾಗಿ ಓದಬೇಕು. ಪಹಣಿಯಲ್ಲಿ ಹೆಸರಿಲ್ಲದಿದ್ದರೂ ಲಾವಣಿಗೆ ಹೊಲ ಮಾಡುವವರನ್ನೂ, ರಾತ್ರಿ ಸರದಿಯಲ್ಲಿ ನೀರು ಕಟ್ಟುವವರನ್ನೂ, ಕೃಷಿಯಲ್ಲಿ ದುಡಿಯುವ ತಾಯಂದಿರನ್ನೂ ಅಲ್ಲಿ ಮಾತನಾಡಿಸಬೇಕು. ಬಿಟ್ಟ ನೀರಿನ ಲೆಕ್ಕವು ಸರಕಾರದಲ್ಲಿದೆ. ಮುಟ್ಟಿದ ನೀರಿನ ಲೆಕ್ಕವನ್ನು ಬರೆಯುವ ಹೊಣೆ ನಮ್ಮದು, ಮತ್ತು ಅದು ಈ ಹಿಂಗಾರಿನಿಂದಲೇ ಆರಂಭವಾಗಲಿ.