ವಿಮಾನ ನಿಂತದ್ದೇಕೆ? ನಿದ್ರೆಯ ಲೆಕ್ಕ ಮತ್ತು ಕ್ಷಮಾಪಣೆಯ ಬೆಲೆ

(ಮೆಹಕರದಲ್ಲಿ ಗಿರಣಿ ಕೆಲಸಗಾರರ ಹಾಗೂ ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಇಂದು ವಿಮಾನದ ವಿಷಯ ಮಾತನಾಡುತ್ತೇನೆಂದು ತಿಳಿದಾಗ ನಿಮ್ಮಲ್ಲಿ ಕೆಲವರು ನಕ್ಕಿರಿ. ಬಸ್ಸಿಗಾಗಿ ಬೇವಿನ ಮರದ ಕೆಳಗೆ ಕಾದು ಕೂಡುವ ನಮಗೆ ಹವಾಯಿ ಜಹಾಜಿನ ಗೊಡವೆ ಯಾಕೆ, ಎಂದು ಹಿರಿಯರೊಬ್ಬರು ಕೇಳಿಯೂ ಬಿಟ್ಟರು. ಕೇಳಿದ್ದು ಸರಿಯೇ. ಆದರೆ ನಮ್ಮ ತಾಲೂಕಿನ ಹುಡುಗರು ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವುದು ಹೈದರಾಬಾದಿನ ಶಂಷಾಬಾದದಿಂದ. ಬೆಂಗಳೂರಿನಲ್ಲಿ ಮಗನ ಪರೀಕ್ಷೆ, ಮುಂಬಯಿಯಲ್ಲಿ ರೋಗಿಯ ಚಿಕಿತ್ಸೆ ಎಂದರೆ ಸಾಲ ಮಾಡಿಯಾದರೂ ಟಿಕೇಟು ಕೊಳ್ಳುವ ಕಾಲ ಬಂದಿದೆ. ಅದಕ್ಕಿಂತ ಹೆಚ್ಚಿನದು, ಈ ಗದ್ದಲದ ಬೇರು ಇರುವುದು ರಾತ್ರಿ ಪಾಳಿಯಲ್ಲಿ. ರಾತ್ರಿ ಪಾಳಿ ಎಂದರೇನೆಂದು ನಿಮಗೆ ನಾನು ಕಲಿಸಬೇಕಾಗಿಲ್ಲ.

ನಡೆದದ್ದು ಇಷ್ಟು. ಇಂಡಿಗೋ ಎಂಬ ಕಂಪನಿ ದೇಶದೊಳಗೆ ವಿಮಾನದಲ್ಲಿ ತಿರುಗುವ ಹತ್ತು ಜನರಲ್ಲಿ ಆರಕ್ಕಿಂತ ಹೆಚ್ಚು ಜನರನ್ನು ಹೊತ್ತೊಯ್ಯುತ್ತಿತ್ತು. 2025ರ ಡಿಸೆಂಬರ 3ರಿಂದ 5ರವರೆಗೆ, ಮೂರೇ ದಿನಗಳಲ್ಲಿ, ಅದರ 2,507 ಹಾರಾಟಗಳು ರದ್ದಾದವು, 1,852 ತಡವಾದವು. ಮೂರು ಲಕ್ಷಕ್ಕೂ ಮಿಕ್ಕಿ ಜನ ದಿಕ್ಕೆಟ್ಟರು. ಇದು ಸರಕಾರದ ವಿಚಾರಣೆಯಲ್ಲಿಯೇ ಹೊರಬಂದ ಲೆಕ್ಕ. ಬೆಂಗಳೂರು, ಹೈದರಾಬಾದು, ದಿಲ್ಲಿಗಳ ನಿಲ್ದಾಣಗಳಲ್ಲಿ ಜನ ನೆಲದ ಮೇಲೆ ಮಲಗಿದರು. ಅವರ ಪೆಟ್ಟಿಗೆಗಳು ಗುಡ್ಡೆ ಬಿದ್ದವು. ಹುಬ್ಬಳ್ಳಿಯಲ್ಲಿ ಒಂದು ಆರತಕ್ಷತೆಗೆ ಬೀಗರು ಬಂದರು, ಊಟ ಸಿದ್ಧವಾಯಿತು, ಮದುಮಕ್ಕಳೇ ಬರಲಿಲ್ಲ! ಭುವನೇಶ್ವರದಲ್ಲಿ ಸಿಕ್ಕಿಬಿದ್ದ ಅವರು ಪರದೆಯ ಮೇಲೆ ಮುಖ ತೋರಿಸಿದರು. ಅವರ ಕುರ್ಚಿಯಲ್ಲಿ ತಂದೆತಾಯಿ ಕುಳಿತರು.

ಕಾರಣವೇನೆಂದು ಕೇಳಿದಾಗ ಕಂಪನಿ ಮೊದಲು ಒಂದು ದೊಡ್ಡ ಪಟ್ಟಿಯನ್ನೇ ಓದಿತು. ಸಣ್ಣಪುಟ್ಟ ಯಂತ್ರದೋಷ, ಚಳಿಗಾಲದ ವೇಳಾಪಟ್ಟಿ, ಕೆಟ್ಟ ಹವೆ, ನಿಲ್ದಾಣಗಳ ದಟ್ಟಣೆ, ಕೊನೆಯಲ್ಲಿ ಹೊಸ ಪಾಳಿ ನಿಯಮ. ಕೊನೆಯದೇ ಮೊದಲನೆಯದು ಎಂಬುದು ಎರಡು ದಿನದಲ್ಲಿ ಬಯಲಾಯಿತು.

ಏನದು ನಿಯಮ? ವಿಮಾನ ನಡೆಸುವವನಿಗೆ ವಾರಕ್ಕೆ 36 ಗಂಟೆ ಸತತ ವಿಶ್ರಾಂತಿ ಇದ್ದದ್ದನ್ನು 48 ಗಂಟೆ ಮಾಡಿದರು. ವಾರದಲ್ಲಿ ಆರು ಸಲ ರಾತ್ರಿ ಇಳಿಸಬಹುದಾಗಿದ್ದುದನ್ನು ಎರಡಕ್ಕೆ ತಂದರು. ಇದು ಸುಖಕ್ಕಾಗಿ ಕೊಟ್ಟ ರಜೆಯಲ್ಲ. 2010ರ ಮೇ 22ರ ಬೆಳಗಿನ ಜಾವವನ್ನು ನೆನೆಯಿರಿ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನಲ್ಲಿ ಓಡುದಾರಿ ದಾಟಿ ಕಮರಿಗೆ ಬಿದ್ದು 158 ಜನ ಸುಟ್ಟು ಸತ್ತರು. ಉಳಿದವರು ಎಂಟೇ ಜನ. ಮುಖ್ಯ ವೈಮಾನಿಕ ದಾರಿಯುದ್ದಕ್ಕೂ ಬಹಳ ಹೊತ್ತು ನಿದ್ರೆ ಹೋಗಿದ್ದನೆಂದೂ, ಎದ್ದ ಮೇಲೂ ಆ ಮಂಪರು ಅವನ ತೀರ್ಮಾನವನ್ನು ಕೆಡಿಸಿರಬಹುದೆಂದೂ ತನಿಖೆ ಹೇಳಿತು. ಸತ್ತವರಲ್ಲಿ ಬಹಳ ಮಂದಿ ಕೊಲ್ಲಿಯಲ್ಲಿ ದುಡಿದು ಮನೆಗೆ ಹಿಂದಿರುಗುತ್ತಿದ್ದವರು. ಗಾಣದ ಬಾಯಿಗೆ ಕಬ್ಬು ಕೊಡುವವನು ತೂಕಡಿಸಿದರೆ ಹೋಗುವುದು ಅವನ ಕೈ. ಅಲ್ಲಿ ತೂಕಡಿಸಿದರೆ ಹೋಗುವುದು ಇಡೀ ವಿಮಾನ.

ಈ ನಿಯಮ ರಾತ್ರೋರಾತ್ರಿ ಬಂದದ್ದೂ ಅಲ್ಲ. ಹೊರಬಿದ್ದದ್ದು 2024ರ ಜನವರಿಯಲ್ಲಿ. ಕಂಪನಿಗಳು ಆಗದು ಎಂದವು, ಸರಕಾರ ಮುಂದೂಡಿತು, ವೈಮಾನಿಕರ ಸಂಘಗಳು ದಿಲ್ಲಿ ಹೈಕೋರ್ಟಿನಲ್ಲಿ ಪಟ್ಟು ಹಿಡಿದವು. ಕೊನೆಗೆ 2025ರ ಜುಲೈ 1ರಿಂದ ಅರ್ಧ, ನವೆಂಬರ 1ರಿಂದ ಉಳಿದರ್ಧ ಜಾರಿಗೆ ಬಂತು. ಜನರನ್ನು ನೇಮಿಸಿಕೊಳ್ಳಲು ಸುಮಾರು ಎರಡು ವರ್ಷ ಸಿಕ್ಕಿದ್ದವು. ನೇಮಕವನ್ನು ತಡೆದು, ಕೆಲವೇ ಜನರಿಂದ ಗಾಡಿ ಎಳೆಸಿದ್ದೇ ಇದಕ್ಕೆ ಮೂಲವೆಂದು ವೈಮಾನಿಕರ ಒಕ್ಕೂಟ ಬಹಿರಂಗವಾಗಿ ಹೇಳಿತು. ಸರಕಾರದ ವಿಚಾರಣೆಯೂ ಇದ್ದ ಜನ ಮತ್ತು ವಿಮಾನಗಳನ್ನು ಬಿಡುವಿಲ್ಲದಂತೆ ದುಡಿಸುವ ಏರ್ಪಾಟೇ ಮುಖ್ಯ ಕಾರಣವೆಂದಿತು. ಹಣವಿರಲಿಲ್ಲವೇ? 2024-25ರಲ್ಲಿ ಕಂಪನಿಯ ಲಾಭ 7,258 ಕೋಟಿ ರೂಪಾಯಿ.

ಇನ್ನು ಸರಕಾರ ಕೊಟ್ಟ ಮದ್ದನ್ನು ನೋಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ರಾತ್ರಿ ಹಾರಾಟದ ಆ ನಿಯಮಗಳಿಂದ ಇಂಡಿಗೋಗೆ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ಕೊಟ್ಟರು. ಅಂದರೆ ಕಂಪನಿಯ ಸಾಲವನ್ನು ವೈಮಾನಿಕನ ನಿದ್ರೆಯಿಂದ ವಸೂಲು ಮಾಡಿದರು. ಜನರ ಸಿಟ್ಟೂ ದಾರಿ ತಪ್ಪಿತೆಂದು ಹೇಳಲೇಬೇಕು. ಬೈಗುಳ ತಿಂದವರು ಕಿಟಕಿಯ ಹಿಂದೆ ನಿಂತಿದ್ದ ಹುಡುಗ ಹುಡುಗಿಯರು. ವಿಮಾನ ಯಾವಾಗ ಎಂಬುದು ಅವರಿಗೂ ತಿಳಿದಿರಲಿಲ್ಲ, ಪಾಳಿ ಪಟ್ಟಿ ಬರೆದವರೂ ಅವರಲ್ಲ.

ಡಿಸೆಂಬರ 5ರಂದು ಆಗಿನ ಮುಖ್ಯಾಧಿಕಾರಿ ಪೀಟರ್ ಎಲ್ಬರ್ಸ್ ಚಿತ್ರಮುದ್ರಿಕೆಯಲ್ಲಿ ಕ್ಷಮೆ ಕೇಳಿದರು. ಕೇಳಿದ್ದು ತಪ್ಪಲ್ಲ. ಆದರೆ ಬೆಲೆ ತೆತ್ತವರು ಯಾರು? ಆ ದಿನಗಳಲ್ಲಿ ಉಳಿದ ವಿಮಾನಗಳ ದರ ಆಕಾಶಕ್ಕೇರಿ, 500 ಕಿಲೋಮೀಟರಿನೊಳಗೆ 7,500 ರೂಪಾಯಿ ಮೀರಬಾರದೆಂದು ಸರಕಾರ ಮಿತಿ ಹಾಕಬೇಕಾಯಿತು. ಟಿಕೇಟಿನ ಹಣವನ್ನೂ ಕಂಪನಿ ಹಿಂದಿರುಗಿಸಿತು, 610 ಕೋಟಿ; ಅದು ಸರಕಾರ ಗಡುವು ಹಾಕಿದ ಮೇಲೆ. ಹೆಚ್ಚು ನೊಂದವರಿಗೆ 10,000 ರೂಪಾಯಿಯ ಚೀಟಿ ಎಂದಿತು, ಅದು ಮತ್ತೆ ಅದೇ ಕಂಪನಿಯ ಟಿಕೇಟಿಗೆ ಮಾತ್ರ. ಹುಳ ಬಿದ್ದ ತೊಗರಿ ಮಾರಿದ ಅಂಗಡಿಯವನು ಇನ್ನೊಮ್ಮೆ ನನ್ನಲ್ಲಿಯೇ ಬಾ ಎಂದಂತೆ. 2026ರ ಜನವರಿಯಲ್ಲಿ ದಂಡ ಬಿತ್ತು, 22.20 ಕೋಟಿ. ಶಾಲೆಯಲ್ಲಿ ಗಣಿತ ಹೇಳಿದವನಾದ್ದರಿಂದ ಭಾಗಿಸಿ ನೋಡಿದೆ: 7,258 ಕೋಟಿಯನ್ನು 365ಕ್ಕೆ ಹಂಚಿದರೆ ದಿನಕ್ಕೆ ಸುಮಾರು 20 ಕೋಟಿ. ದಂಡವೆಂದರೆ ಒಂದು ದಿನದ ಲಾಭ ಮತ್ತು ಸ್ವಲ್ಪ ಚಿಲ್ಲರೆ.

ಗಿರಾಕಿಗೆ ಬೇರೆ ಅಂಗಡಿ ಇದ್ದರೆ ಮಾಲೀಕ ಇಷ್ಟು ಧೈರ್ಯ ಮಾಡುವುದಿಲ್ಲ. ಬೀದರಿನ ಅನುಭವವೂ ಇದೇ. 2020ರ ಫೆಬ್ರವರಿಯಲ್ಲಿ ಬೆಂಗಳೂರಿಗೆ ವಿಮಾನ ಬಂತೆಂದು ಹಬ್ಬ ಮಾಡಿದೆವು. ಅದು ನಿಂತಿತು, ಬೇರೊಂದು ಕಂಪನಿ ಬಂತು, ಅದೂ ನಿಂತಿತು, 2025ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾಯಿತು. ಅದೇ ಅಕ್ಟೋಬರಿನಲ್ಲಿ ಕಲಬುರ್ಗಿಯ ಸರದಿ ಬಂದು ಅಲ್ಲಿನ ಬೆಂಗಳೂರು ವಿಮಾನ ನಿಂತಿತು. ಒಂದೇ ಕಂಪನಿ ಇದ್ದಲ್ಲಿ ಅದು ಹೋದ ದಿನ ನಿಲ್ದಾಣಕ್ಕೆ ಬೀಗ.

ಇನ್ನು ನಿಮ್ಮ ಉಪಯೋಗಕ್ಕೆ ನಾಲ್ಕು ಮಾತು. ಹೊರಡಲು 24 ಗಂಟೆಯೂ ಇಲ್ಲದಾಗ ವಿಮಾನ ರದ್ದಾದರೆ ಟಿಕೇಟಿನ ಹಣವಲ್ಲದೆ, ಹಾರಾಟದ ಅವಧಿಗೆ ತಕ್ಕಂತೆ 5,000ದಿಂದ 10,000 ರೂಪಾಯಿಯವರೆಗೆ ಪರಿಹಾರದ ನಿಯಮವಿದೆ. ಮೂಲ ದರ ಅದಕ್ಕಿಂತ ಕಡಿಮೆಯಿದ್ದರೆ ಅಷ್ಟೇ ಸಿಗುತ್ತದೆ. ಆದರೆ ಹವೆ ಕೆಟ್ಟಿತ್ತು, ಕಂಪನಿಯ ಕೈಮೀರಿತ್ತು ಎಂದಾದರೆ ಪರಿಹಾರವಿಲ್ಲ. ಮೊದಲ ದಿನದ ಪಟ್ಟಿಯಲ್ಲಿ ಕೆಟ್ಟ ಹವೆ ಏಕೆ ಬಂತೆಂದು ಈಗ ನೀವೇ ಯೋಚಿಸಿ. ಆದುದರಿಂದ ರದ್ದಾದ ಕಾರಣವನ್ನು ಬರೆದು ಕೊಡಿರೆಂದು ಅಲ್ಲಿಯೇ ಕೇಳಬೇಕು. ಟಿಕೇಟು, ಬಂದ ಸಂದೇಶ, ಊಟ ವಸತಿಯ ರಶೀದಿ ಯಾವುದನ್ನೂ ಕಳೆಯಬೇಡಿರಿ. ಚೀಟಿ ಕೊಟ್ಟರೆ ಹಣವನ್ನೇ ಕೇಳಿರಿ. ಕೊಡದಿದ್ದರೆ ಕಂಪನಿಯ ಗುರುಗ್ರಾಮದ ಕಚೇರಿಗೆ ಅಲೆಯಬೇಕಾಗಿಲ್ಲ. 2019ರ ಗ್ರಾಹಕ ಕಾಯಿದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲಿಯೇ, ಅಂದರೆ ಬೀದರಿನ ಆಯೋಗದಲ್ಲಿಯೇ, ದೂರು ಕೊಡಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಅರ್ಜಿ ಬರೆಯಲು ಬಾರದವರು ನನ್ನ ಬಳಿಗೆ ಬನ್ನಿರಿ, ಬರೆದು ಕೊಡುತ್ತೇನೆ.