ಮಾತ್ರೆಯ ಲೆಕ್ಕ, ಪಾಲಿನ ಲೆಕ್ಕ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ರ‍್ಯಾಪ್ ಹಾಡುವವನಿಗೆ ಈ ವೇದಿಕೆಯಲ್ಲಿ ಏನು ಕೆಲಸ ಎಂದು ಕೆಲವರಿಗಾದರೂ ಅನ್ನಿಸಿರುತ್ತದೆ. ಆದರೆ ಆ ಹಾಡಿಗೂ ಶಾಲೆಗೂ ನಂಟಿದೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ, ಶಾಲೆ ಶುರುವಾಗುವ ಮೊದಲು ಹೊಸ ಬಟ್ಟೆ ಕೊಳ್ಳಲು ಹಣ ಬೇಕೆಂದು, ತಾವಿದ್ದ ಕಟ್ಟಡದಲ್ಲೇ ಒಂದು ಪಾರ್ಟಿ ಏರ್ಪಡಿಸಿದಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಪ್ರವೇಶ ಶುಲ್ಕ. ರೆಕಾರ್ಡ್ ಹಾಕಿದವನು ಅವಳ ಅಣ್ಣ ಕೂಲ್ ಹರ್ಕ್. ಹಿಪ್ ಹಾಪ್ ಹುಟ್ಟಿದ್ದು ಅಂದೇ ಎನ್ನುತ್ತಾರೆ. ನಮ್ಮ ಶಾಲೆಗೂ ಅದಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು.

ನಮ್ಮ ಕಿವಿಗೆ ಅದು ಬಿದ್ದದ್ದು ಬೆಂಗಳೂರಿನಿಂದ. ಬ್ರೋಧಾ ವಿ, ಸ್ಮೋಕಿ, ಬಿಗ್ ನಿಕ್ ಸೇರಿ ಕಟ್ಟಿದ ‘ಮಚ್ಚಾಸ್ ವಿತ್ ಆ್ಯಟಿಟ್ಯೂಡ್’ ತಂಡದ ಹೆಸರು ಆಗ ಹುಡುಗರ ಬಾಯಲ್ಲಿತ್ತು. 2012ರಲ್ಲಿ ಬಂದ ಬ್ರೋಧಾ ವಿ ಅವರ ‘ಆತ್ಮ ರಾಮ’ದಲ್ಲಿ ಇಂಗ್ಲಿಷ್ ರ‍್ಯಾಪಿನ ನಡುವೆ ರಾಮನ ಭಜನೆ ಇತ್ತು. ಅದನ್ನು ಕೇಳಿದ ಮೇಲೆ, ನಮ್ಮ ಮನೆಯ ಮಾತೂ ಇದಕ್ಕೆ ಒಗ್ಗುತ್ತದೆ ಎಂಬ ಧೈರ್ಯ ಬಂತು.

ನಾವು ಮೂವರು. ನಾನು ಮತ್ತು ನನ್ನ ಸಹಪಾಠಿ ಈ ಶಾಲೆಯವರು. ಮೂರನೆಯವನು ಶಿವಮೊಗ್ಗದವನು, ಅವನ ಬಳಿ ಕಂಪ್ಯೂಟರ್ ಇತ್ತು, ಮೈಕ್ ಇತ್ತು. ಗೋಡೆಗೆ ಕಂಬಳಿ ಕಟ್ಟಿ, ಫ್ಯಾನ್ ಆರಿಸಿ, ಬೆವರುತ್ತ ರೆಕಾರ್ಡ್ ಮಾಡುತ್ತಿದ್ದೆವು. ಮೊದಮೊದಲು ಕನ್ನಡದ ಸಾಲುಗಳು ತಾಳಕ್ಕೆ ಕೂರುತ್ತಲೇ ಇರಲಿಲ್ಲ. ಆಗ ನೆನಪಾದದ್ದು ನಮ್ಮ ಕನ್ನಡ ಮೇಷ್ಟ್ರ ಛಂದಸ್ಸಿನ ಪಾಠ. ಮಂದಾನಿಲ ರಗಳೆಯ ಸಾಲಿನಲ್ಲಿ ನಾಲ್ಕು ಮಾತ್ರೆಯ ನಾಲ್ಕು ಗಣ, ಒಟ್ಟು 16 ಮಾತ್ರೆ. ರ‍್ಯಾಪಿನ ಒಂದು ಆವರ್ತದಲ್ಲೂ ನಾಲ್ಕು ಏಟು, ಒಂದೊಂದು ಏಟಿಗೆ ನಾಲ್ಕು ಭಾಗ, ಅಲ್ಲೂ 16! ಲಘು ಗುರು ಗುರುತು ಹಾಕಿಕೊಂಡು ಬರೆದೆವು, ಹಾಡು ಕೂತಿತು. ಪರೀಕ್ಷೆಯಲ್ಲಿ ಎರಡು ಅಂಕಕ್ಕೆಂದು ಉರು ಹೊಡೆದದ್ದು ಹೊಟ್ಟೆಪಾಡಿನ ವಿದ್ಯೆಯಾಯಿತು, ಸಾರ್.

ನಮ್ಮ ಹಾಡುಗಳಲ್ಲಿ ಜನ ಹೆಚ್ಚು ಕೇಳಿದ್ದು ಭದ್ರಾವತಿಯ ಕಾಗದ ಕಾರ್ಖಾನೆಯ ಮೇಲಿನದು. 1936ರಲ್ಲಿ ಸ್ಥಾಪನೆಯಾದ ಎಂ.ಪಿ.ಎಂ. 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ನನ್ನ ಸಹಪಾಠಿಯ ಅಪ್ಪ ಅಲ್ಲಿ ದುಡಿದವರು. ಕಾರ್ಖಾನೆ ನಿಂತ ಮೇಲೂ ಎಷ್ಟೋ ದಿನ ಅವರು ಪಾಳಿಯ ಹೊತ್ತಿಗೆ ಎದ್ದು, ಸೈಕಲ್ ಒರೆಸಿಟ್ಟು, ಜಗಲಿಯಲ್ಲಿ ಕೂರುತ್ತಿದ್ದರು. ಅದನ್ನೇ ಹಾಡು ಮಾಡಿದೆವು. ಕಾಗದನಗರದ ಮನೆಗಳಲ್ಲಿ ಅದು ಫೋನಿಂದ ಫೋನಿಗೆ ಹೋಯಿತು. ರ‍್ಯಾಪ್ ಎಂದರೆ ಮುಖ ಸಿಂಡರಿಸುತ್ತಿದ್ದ ಹಿರಿಯರೂ ಕೇಳಿದರು.

ಅಲ್ಲಿಂದಲೇ ತಂಡ ಮುರಿಯುವುದಕ್ಕೂ ಶುರುವಾಯಿತು. ಹಾಡಿನ ಬೀಟನ್ನು ‘ಉಚಿತ’ ಎಂದಿದ್ದ ಕಡೆಯಿಂದ ತೆಗೆದುಕೊಂಡಿದ್ದೆವು. ಹಣ ಮಾಡದಿದ್ದರೆ ಮಾತ್ರ ಉಚಿತ ಎಂದು ಕೆಳಗೆ ಬರೆದಿದ್ದನ್ನು ಓದಿರಲಿಲ್ಲ. ಬೀಟು ಮಾಡಿದವರು ಹಕ್ಕು ಕೇಳಿದರು. ಬಂದ ಅಷ್ಟಿಷ್ಟು ಹಣ ಅವರಿಗೆ ಹೋಯಿತು. ನ್ಯಾಯವೇ. ಆಮೇಲೆ ನಮ್ಮೊಳಗೇ ಮಾತು ಬೆಳೆಯಿತು. ಯಾರು ಬರೆದದ್ದು, ಯಾರಿಗೆ ಎಷ್ಟು? ಒಂದು ಚೀಟಿಯೂ ಇರಲಿಲ್ಲ. ಮಾತ್ರೆಯ ಲೆಕ್ಕ ಹಾಕಿದವರು ಪಾಲಿನ ಲೆಕ್ಕ ಹಾಕಿರಲಿಲ್ಲ. ಮೂರು ವರ್ಷ ಜೊತೆಗೆ ಹಾಡಿದವರು ಒಂದು ಸಂಜೆಯಲ್ಲಿ ಬೇರೆಯಾದೆವು.

ಇಂದು ಒಂದು ಮಾತು ಹೇಳಲೇಬೇಕು. ಎಲ್ಲರೂ ಹೊಗಳುವ ಆ ಹಾಡಿನ ಪಲ್ಲವಿ ನನ್ನದಲ್ಲ. ಬರೆದವನು ನನ್ನ ಸಹಪಾಠಿ. ವಿಡಿಯೋ ಹಾಕುವಾಗ ‘ಸಾಹಿತ್ಯ’ ಎಂದು ನನ್ನ ಹೆಸರೊಂದೇ ಹಾಕಿದೆ. ಅವನು ಕೇಳಿದಾಗ, ‘ಸ್ನೇಹಿತರ ನಡುವೆ ಇದೆಲ್ಲ ಏನೋ’ ಎಂದೆ. ಅವನು ಈಗ ಇದೇ ಶಾಮಿಯಾನದ ಕೆಳಗೆ ಕೂತಿದ್ದಾನೆ. ಹೋದ ವಾರ ಹೆಸರು ಸರಿಪಡಿಸಿದ್ದೇನೆ ಕಣೋ. ತಡವಾಯಿತು.

ಮಕ್ಕಳೇ, ನಿಮ್ಮಲ್ಲೂ ಹಾಡು ಕಟ್ಟುವವರಿದ್ದೀರಿ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂತು. ಹಾಡಿನ ಹಕ್ಕನ್ನು ಕಂಪನಿಗೆ ಬರೆದುಕೊಟ್ಟರೂ, ಸಾಹಿತ್ಯ ಬರೆದವರಿಗೆ, ರಾಗ ಹಾಕಿದವರಿಗೆ ರಾಯಧನದ ಸಮಪಾಲು ಉಳಿಯುತ್ತದೆ. ಸಿನಿಮಾ ಹಾಡಾದರೆ, ಚಿತ್ರಮಂದಿರದಲ್ಲಿ ಚಿತ್ರದ ಜೊತೆ ಕೇಳಿಸುವುದೊಂದಕ್ಕೆ ಇದು ಅನ್ವಯಿಸದು. ಕಾಯ್ದೆ ನಿಮ್ಮ ಪರವಾಗಿದೆ. ಆದರೆ ಬರೆದವರು ಯಾರೆಂದು ಕಾಯ್ದೆಗೆ ತಿಳಿಯಬೇಕಾದರೆ ಮೊದಲು ನೀವು ಬರೆದಿಡಬೇಕು. ಹಾಡು ಮುಗಿದ ದಿನವೇ ಒಂದು ಹಾಳೆ ತೆಗೆಯಿರಿ. ಪದ ಯಾರದು, ಬೀಟು ಯಾರದು, ದನಿ ಯಾರದು, ಪಾಲು ಎಷ್ಟು ಎಂದು ಬರೆದು ಎಲ್ಲರೂ ಸಹಿ ಹಾಕಿ. ಸ್ನೇಹದಲ್ಲಿ ಲೆಕ್ಕವೇಕೆ ಎನ್ನಬೇಡಿ. ಲೆಕ್ಕ ಇಡದೆ ನಾನು ಸ್ನೇಹವನ್ನೇ ಕಳೆದುಕೊಂಡೆ.

ಗುರುಗಳಲ್ಲಿ ಒಂದು ಬಿನ್ನಹ. ಶಾಲಾ ವಾರ್ಷಿಕೋತ್ಸವಕ್ಕೆ ಮಕ್ಕಳು ಕಟ್ಟುವ ಹಾಡುಗಳಿಗಾಗಿ ಒಂದು ಪುಸ್ತಕ ಇಡೋಣ. ಹಾಜರಿ ಪುಸ್ತಕದ ಹಾಗೆ, ಪ್ರತಿ ಹಾಡಿನ ಎದುರು ಕಟ್ಟಿದವರ ಹೆಸರಿರಲಿ. ಮೊದಲ ಪುಸ್ತಕ ನಾನು ತಂದಿದ್ದೇನೆ. ಮೊದಲ ಪುಟದಲ್ಲಿ ನಮ್ಮ ಹಾಡು ಬರೆದು, ಪಲ್ಲವಿಯ ಎದುರಿನ ಜಾಗ ಖಾಲಿ ಬಿಟ್ಟಿದ್ದೇನೆ. ಅಲ್ಲಿ ಅವನೇ ಬಂದು ಸಹಿ ಹಾಕಲಿ ಎಂದು ಕೇಳಿಕೊಳ್ಳುತ್ತೇನೆ.