ಔಷಧೋದ್ಯಮದಲ್ಲಿ ಹಣ ಹೂಡಿಕೆ



ಔಷಧೋದ್ಯಮದಲ್ಲಿ ಹಣ ತೊಡಗಿಸುವವರು ಲಾಭಾಂಶದೊಡನೆ ಪೇಟೆಂಟ್ ಕಾನೂನನ್ನೂ ಗಮನಿಸಬೇಕಾಗುತ್ತದೆ. ಮುಂಬಯಿಯಲ್ಲಿ 1935ರಲ್ಲಿ ಖ್ವಾಜಾ ಅಬ್ದುಲ್ ಹಮೀದ್ ಅವರು ಸ್ಥಾಪಿಸಿದ ಸಿಪ್ಲಾ ಸಂಸ್ಥೆಯೇ ಇದಕ್ಕೆ ನಿದರ್ಶನ. 1970ರ ಪೇಟೆಂಟ್ ಅಧಿನಿಯಮವು ಔಷಧಗಳ ತಯಾರಿಕಾ ವಿಧಾನಕ್ಕೆ ಮಾತ್ರ ರಕ್ಷಣೆ ನೀಡಿತು. ಬೇರೊಂದು ವಿಧಾನದಿಂದ ಅದೇ ಔಷಧವನ್ನು ತಯಾರಿಸಲು ದೇಶೀಯ ಸಂಸ್ಥೆಗಳಿಗೆ ಅವಕಾಶವಾಯಿತು. ಇದರ ಫಲ 2001ರಲ್ಲಿ ಜಗತ್ತಿಗೇ ಕಾಣಿಸಿತು. ಪಾಶ್ಚಾತ್ಯ ದೇಶಗಳಲ್ಲಿ ವರ್ಷಕ್ಕೆ 10,000 ಡಾಲರಿಗೂ ಮಿಗಿಲಾಗಿದ್ದ ಏಡ್ಸ್ ರೋಗದ ತ್ರಿವಿಧ ಔಷಧವನ್ನು ಸಿಪ್ಲಾ 350 ಡಾಲರಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗೂ ಕಡಿಮೆ ದರದಲ್ಲಿ, ಒದಗಿಸಲು ಮುಂದಾಯಿತು. ಆಫ್ರಿಕದ ಬಡರೋಗಿಗಳ ಪಾಲಿಗೆ ಇದು ಜೀವದಾನವೇ ಸರಿ.

ಆದರೆ 2005ರಿಂದ ಭಾರತದಲ್ಲಿಯೂ ಔಷಧಕ್ಕೇ ಪೇಟೆಂಟ್ ದೊರೆಯುತ್ತಿದೆ. ಹಳೆಯ ಹಾದಿ ಕಿರಿದಾಗಿದೆ. ಷೇರು ಕೊಳ್ಳುವವರು ವಾರ್ಷಿಕ ವರದಿಯಲ್ಲಿ ಸಂಶೋಧನಾ ವೆಚ್ಚದ ಪುಟವನ್ನೂ ತಿರುವಿ ನೋಡುವುದು ಲೇಸು.